ಉಂಗುರವಿಲ್ಲದ ಹೆಸರು

ನಲವತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಮತ್ತೆ ಅಕ್ಷರ ಕಲಿಯಲು ಹೊರಟಾಗ ಮೊದಲು ನಕ್ಕವರು ನಮ್ಮ ಮನೆಯವರು. ಕಂಪ್ಲಿಯ ಅಕ್ಕಿ ಮಿಲ್ಲಿನ ಮನೆಗೆ ನಾನು ಸೊಸೆಯಾಗಿ ಬಂದು ಇಪ್ಪತ್ತಮೂರು ವರ್ಷವಾಗಿತ್ತು. ಮಗಳು ಓದಲೆಂದು ಧಾರವಾಡಕ್ಕೆ ಹೋದ ಮೇಲೆ ಮಧ್ಯಾಹ್ನಗಳು ಏಕಾಏಕಿ ಉದ್ದವಾದವು. ಒಂದು ದಿನ ಪೇಪರಿನ ಮೂಲೆಯಲ್ಲಿ ಸಣ್ಣ ಪ್ರಕಟಣೆ ಕಂಡಿತು. ಹಂಪಿಯ ಹತ್ತಿರದ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಲಿಪಿಗಳ ಡಿಪ್ಲೊಮಾ, ವಾರಕ್ಕೆ ಎರಡು ದಿನ ತರಗತಿ, ವಯಸ್ಸಿನ ಮಿತಿ ಇಲ್ಲ. ಆ ಕೊನೆಯ ಮಾತನ್ನು ನನಗೆಂದೇ ಹಾಕಿದ್ದರು ಎಂದುಕೊಂಡೆ.

"ಇರೋ ಅಕ್ಷರನ ಓದೋರಿಲ್ಲ, ಸತ್ತ ಅಕ್ಷರ ಓದಿ ಏನ್ ಮಾಡ್ತಿ?" ಎಂದರು ಮನೆಯವರು.

"ವಾರದಾಗ ಎರಡು ದಿನ ನಿಮ್ಮ ಕೂಡ ವಾದ ಮಾಡೋದು ತಪ್ಪತೈತಿ," ಎಂದೆ.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅದಕ್ಕಿಂತ ದೊಡ್ಡ ರೋಗ ಅವಸರ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಬೆಳೆಯುವಾಗಲೇ ನಮ್ಮವ್ವ ಹೇಳುತ್ತಿದ್ದಳು, ಈಕೆ ಅರ್ಧ ಮಾತು ಕೇಳಿ ಪೂರ್ತಿ ಉತ್ತರ ಕೊಡುತ್ತಾಳೆ ಎಂದು. ಈ ಬರಹವೆಲ್ಲ ಆ ರೋಗದ ಕಥೆಯೇ. ಮೊದಲೇ ಹೇಳಿಬಿಟ್ಟರೆ ಮನಸ್ಸು ಹಗುರ.

ಕಂಪ್ಲಿಯಲ್ಲಿ ಹೊಸಪೇಟೆ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿಯುತ್ತಿದ್ದೆ, ಅಲ್ಲಿಂದ ಆಟೋ. ಬ್ಯಾಗಿನಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ, ನೀರಿನ ಬಾಟಲಿ, ಮಗಳು ಬಿಟ್ಟುಹೋಗಿದ್ದ ಜಾಮಿಟ್ರಿ ಬಾಕ್ಸು. ತರಗತಿಯಲ್ಲಿ ಹನ್ನೊಂದು ಜನ ಇದ್ದೆವು. ಉಳಿದ ಹತ್ತು ಜನರಿಗೂ ನನ್ನ ಮಗಳ ಆಸುಪಾಸಿನ ವಯಸ್ಸು. ಮೊದಲ ದಿನ ನಾನು ಒಳಗೆ ಹೋದ ಕೂಡಲೇ ಎಲ್ಲರೂ ಎದ್ದು ನಿಂತರು. ಪಾಠ ಮಾಡುವವಳು ನಾನೇ ಎಂದುಕೊಂಡಿದ್ದರಂತೆ. ಅಂದಿನಿಂದ ಮೇಷ್ಟ್ರೂ ನನ್ನನ್ನು ಮೇಡಮ್ಮಾರ ಎಂದೇ ಕರೆದರು.

ಮೇಷ್ಟ್ರಿಗೆ ನಿವೃತ್ತಿಯಾಗಿ ಬಹಳ ವರ್ಷವಾಗಿತ್ತು. ಅವರ ನಿಜವಾದ ಕೆಲಸ ಕನ್ನಡ ಶಾಸನ, ಆದರೆ ಮೊದಲ ಆರು ತಿಂಗಳು ಅವರು ನಮಗೆ ಕಲಿಸಿದ್ದು ಈಜಿಪ್ಟಿನ ಚಿತ್ರಲಿಪಿ. ಹಂಪಿಯ ಬಂಡೆಗಳ ನಡುವೆ ಕೂತು ಈಜಿಪ್ಟಿನ ಗೂಬೆ ಬರೆಯುವುದು ಯಾಕೆ ಎಂದು ಎಲ್ಲರ ಮನಸ್ಸಿನಲ್ಲೂ ಇತ್ತು. ಬಾಯಿ ಬಿಟ್ಟು ಕೇಳಿದವಳು ನಾನು.

"ನಿಮಗ ಗೊತ್ತಿರೋ ಭಾಷಾ ಕಲ್ಲಿನ ಮ್ಯಾಲಿದ್ರ ನೀವು ಓದಂಗಿಲ್ರಿ, ಊಹೆ ಮಾಡ್ತೀರಿ," ಎಂದರು. "ಗೊತ್ತಿಲ್ಲದ್ದು ಇದ್ರ ಒಂದೊಂದ ಗುರುತು ಕಣ್ಣಿಟ್ಟು ನೋಡ್ತೀರಿ. ಮೊದಲು ನೋಡೋದು ಕಲೀರಿ, ಓದೋದು ಆಮ್ಯಾಲ."

ಹೀಗೆ ನೋಡುವುದನ್ನು ಕಲಿಯಲು ಶುರು ಮಾಡಿದೆ. ಅಂಕುಡೊಂಕು ಗೆರೆ ಎಂದರೆ ನೀರು. ಅರ್ಧ ಇಡ್ಲಿಯ ಹಾಗಿರುವುದು ರೊಟ್ಟಿ. ಬಾಯಿ ಬರೆದರೆ ಬಾಯಿಯೂ ಹೌದು, ಒಂದು ಧ್ವನಿಯೂ ಹೌದು. ಸಾಲನ್ನು ಎಡದಿಂದಲೂ ಬರೆಯುತ್ತಾರೆ, ಬಲದಿಂದಲೂ ಬರೆಯುತ್ತಾರೆ. ಎಲ್ಲಿಂದ ಓದಬೇಕು ಎನ್ನುವುದಕ್ಕೆ ಹಕ್ಕಿಗಳ ಮುಖ ನೋಡಬೇಕು. ಅವು ಯಾವ ಕಡೆ ನೋಡುತ್ತಿವೆಯೋ ಸಾಲು ಆ ಕಡೆಯಿಂದ ಶುರು. ಅಡುಗೆಮನೆಯ ಕಟ್ಟೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು, ಬೇಳೆ ಬೇಯುವಷ್ಟು ಹೊತ್ತು ಗೂಬೆ ತಿದ್ದುತ್ತಿದ್ದೆ. ನನ್ನ ಗೂಬೆಗಳೆಲ್ಲ ಕಾವಿಗೆ ಕೂತ ಕೋಳಿಯಂತೆ ಆಗುತ್ತಿದ್ದವು. ಒಂದು ಬೆಳಿಗ್ಗೆ ನೀರು ಕುಡಿಯಲು ಬಂದ ಮಾವನವರು ನೋಟ್‌ಬುಕ್ಕನ್ನು ಬಗ್ಗಿ ನೋಡಿದರು.

"ಮನಿಯಾಗ ಗೂಬಿ ಯಾಕ ಬರೀತಿಯವ್ವಾ? ಒಂದಲ್ಲ ಎರಡಲ್ಲ, ಪೂರ್ತಿ ಪುಟ."

"ಇದು ಗೂಬಿ ಅಲ್ರಿ ಮಾವಾರ, ಮ ಅಕ್ಷರ."

"ಮ ಅಕ್ಷರ ಗೂಬಿ ಹಂಗ ಇದ್ರ ಆ ದೇಶದಾಗ ಮಾವನ್ನ ಹೆಂಗ ಬರೀತಾರೋ," ಎಂದು ಹೇಳಿ ಹೋದರು. ಅವರಿಗೆ ಆಗ ಎಪ್ಪತ್ತೆಂಟು. ಮಿಲ್ಲನ್ನು ಮಗನ ಕೈಗೆ ಕೊಟ್ಟು ಹತ್ತು ವರ್ಷವಾಗಿತ್ತು. ದಿನಾ ಬೆಳಿಗ್ಗೆ ಅಂಗಳದ ಕುರ್ಚಿಯಲ್ಲಿ ಕೂರುತ್ತಿದ್ದರು. ಲಾರಿಯವರು, ಹಮಾಲರು, ರೈತರು ಎಲ್ಲರೂ ನಮಸ್ಕಾರ ಹೇಳಿ ಸೀದಾ ಮಗನ ಹತ್ತಿರ ಹೋಗುತ್ತಿದ್ದರು.

ಈಜಿಪ್ಟಿನ ಪಾಠದಲ್ಲಿ ಎರಡು ವಿಷಯ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತವು. ಒಂದು, ರಾಜನ ಹೆಸರಿನ ಸುತ್ತ ಉದ್ದನೆಯ ಉಂಗುರ ಬರೆಯುತ್ತಿದ್ದರು. ಪುಟದ ತುಂಬ ಹಕ್ಕಿ, ಹಾವು, ಹುಲ್ಲು ಏನೇ ಇರಲಿ, ಉಂಗುರ ಕಂಡರೆ ದೊಡ್ಡವರು ಸಿಕ್ಕರು ಎಂದೇ ಲೆಕ್ಕ. ಉಂಗುರ ಹುಡುಕುವುದರಲ್ಲಿ ನಾನು ತರಗತಿಗೇ ಮೊದಲಿಗಳಾಗಿದ್ದೆ.

ಇನ್ನೊಂದು, ಪರೀಕ್ಷೆಗೆ ನನ್ನ ಪಾಲಿಗೆ ಬಂದ ಬರಹ. ಅದು ಒಂದು ಸಮಾಧಿಯ ಕಲ್ಲಿನದು. ಸತ್ತವನು ದಾರಿಯಲ್ಲಿ ಹೋಗುವವರನ್ನು ಬೇಡಿಕೊಳ್ಳುತ್ತಾನೆ. ನಿಮ್ಮ ಕೈಯಲ್ಲಿ ಕೊಡಲು ಏನೂ ಇಲ್ಲದಿದ್ದರೂ ಸರಿ, ನನಗೆ ಸಾವಿರ ರೊಟ್ಟಿ ಸಿಗಲಿ ಎಂದು ಬಾಯಲ್ಲಿ ಹೇಳಿ, ನನ್ನ ಹೆಸರು ಹೇಳಿ, ಅಷ್ಟು ಸಾಕು, ನನಗೆ ಮುಟ್ಟುತ್ತದೆ ಎನ್ನುತ್ತಾನೆ. ಅದನ್ನು ಬಿಡಿಸಲು ನನಗೆ ಮೂರು ವಾರ ಹಿಡಿಯಿತು. ಬಿಡಿಸಿದ ದಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವನ ಹೆಸರನ್ನು ಮೆಲ್ಲಗೆ ಹೇಳಿದೆ. ಪಕ್ಕದ ಹೆಂಗಸು ನಾನು ಫೋನಿನಲ್ಲಿ ಮಾತಾಡುತ್ತಿದ್ದೇನೆ ಎಂದುಕೊಂಡಳು. ಕಲ್ಲಿನಿಂದ ಹೆಸರನ್ನು ಕೆತ್ತಿ ಅಳಿಸಿದರೆ ಸತ್ತವರ ಪಾಲಿಗೆ ಎರಡನೆಯ ಸಾವು ಎಂದು ಮೇಷ್ಟ್ರು ಹೇಳಿದ್ದರು. ನಾನು ಅದನ್ನು ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದೆ.

ಎರಡನೆಯ ಅವಧಿಯಲ್ಲಿ ಕನ್ನಡದ ಕಲ್ಲುಗಳು ಬಂದವು. ಪಡಿಯಚ್ಚು ತೆಗೆಯುವುದನ್ನು ಕಲಿಸಲು ಮೇಷ್ಟ್ರು ನಮ್ಮನ್ನು ಸಂಡೂರಿನ ಗುಡ್ಡದ ಒಂದು ಹಳೆಯ ಗುಡಿಗೆ ಕರೆದುಕೊಂಡು ಹೋದರು. ಕಲ್ಲನ್ನು ನೀರು ಹಾಕಿ ತೊಳೆದು, ಒದ್ದೆ ಕಾಗದ ಹಾಸಿ, ಅಕ್ಷರದ ಗುಳಿಗಳಿಗೆ ಕಾಗದ ಇಳಿಯುವ ಹಾಗೆ ಬ್ರಷ್ಷಿನಿಂದ ಬಡಿದು, ಮೇಲೆ ಮಸಿಯ ಉಂಡೆ ಒತ್ತಬೇಕು. ಕಲ್ಲೆಲ್ಲ ಕಪ್ಪಾಗಿ ಅಕ್ಷರಗಳಷ್ಟೇ ಬಿಳಿಯಾಗಿ ಉಳಿಯುತ್ತವೆ. ಅಲ್ಲಿನ ಅದಿರಿನ ಕೆಂಪು ಧೂಳು ತೊಳೆದಷ್ಟೂ ಬರುತ್ತಿತ್ತು. ನನಗೆ ತಾಳ್ಮೆ ಸಾಲಲಿಲ್ಲ. ಬ್ಯಾಗಿನಲ್ಲಿದ್ದ ಸೀಮೆಸುಣ್ಣ ತೆಗೆದು ಕಂಡ ಅಕ್ಷರಗಳಲ್ಲಿ ತುಂಬಿ, ಎಲ್ಲರಿಗಿಂತ ಮೊದಲು ಓದಿ ಮುಗಿಸಿ ಕೈ ಎತ್ತಿದೆ.

ಮೇಷ್ಟ್ರು ಬಂದವರು ಒದ್ದೆ ಬಟ್ಟೆಯಿಂದ ಸುಣ್ಣ ಒರೆಸಿದರು. "ಈಗ ಓದ್ರಿ."

ಓದಿದೆ. ಅರ್ಧ ಅಕ್ಷರಗಳು ಇರಲೇ ಇಲ್ಲ.

"ಅವು ನಿಮ್ಮವು, ಕಲ್ಲಿನವಲ್ಲ," ಎಂದರು. "ಸುಣ್ಣ ಓದಬ್ಯಾಡ್ರಿ ಮೇಡಮ್ಮಾರ. ಕಲ್ಲು ಓದ್ರಿ."

ಹುಡುಗರೆಲ್ಲ ನಕ್ಕರು. ನಾನು ಮುಖ ಊದಿಸಿಕೊಂಡು ವಾಪಸ್ ಬಂದೆ. ಆ ಸಿಟ್ಟಿನಲ್ಲೇ, ಕೊನೆಯ ಪ್ರಬಂಧಕ್ಕೆ ಯಾರೂ ನೋಡದ ಕಲ್ಲೊಂದನ್ನು ಓದಿ ತೋರಿಸುತ್ತೇನೆ ಎಂದು ಮನಸ್ಸಿನಲ್ಲಿ ನಿಶ್ಚಯ ಮಾಡಿದೆ. ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ. ಕಲ್ಲು ನಮ್ಮ ಮಿಲ್ಲಿನ ಅಂಗಳದಲ್ಲೇ ಇತ್ತು.

ಸೊಂಟದೆತ್ತರದ ಕಲ್ಲು ಅದು, ಸ್ವಲ್ಪ ಮುಂದಕ್ಕೆ ವಾಲಿತ್ತು. ಮೇಲೆ ಸೂರ್ಯ ಚಂದ್ರ, ಕೆಳಗೆ ಸವೆದ ಸಾಲುಗಳು, ಅದರ ಕೆಳಗೆ ವರ್ಷಾನುಗಟ್ಟಲೆ ಬಿದ್ದು ಗಟ್ಟಿಯಾದ ಉಮಿ, ಬೂದಿ, ಮಣ್ಣು. ಮಿಲ್ಲು ಕಟ್ಟುವ ಮೊದಲೇ ಅದು ಅಲ್ಲಿತ್ತಂತೆ. ಮನೆಯಲ್ಲಿ ಯಾರೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ, ಎಮ್ಮಿಗನೂರಮ್ಮನನ್ನು ಬಿಟ್ಟು.

ಎಮ್ಮಿಗನೂರಮ್ಮ ಎಂದರೆ ಮಿಲ್ಲಿನಲ್ಲಿ ಕಸ ಹೊಡೆದು, ಚೆಲ್ಲಿದ ಭತ್ತ ಕೂಡಿಸಿ, ಮೊರದಲ್ಲಿ ಕೇರುವ ಹೆಂಗಸು. ಎಮ್ಮಿಗನೂರಿನಿಂದ ಮುಂಜಾನೆಯ ಬಸ್ಸಿಗೆ ಬರುತ್ತಿದ್ದಳು, ಹಾಗಾಗಿ ಎಲ್ಲರ ಬಾಯಲ್ಲೂ ಎಮ್ಮಿಗನೂರಮ್ಮ. ನಾನು ಈ ಮನೆಗೆ ಬರುವ ಮೊದಲಿನಿಂದ ಇದ್ದವಳು. ಪ್ರತಿ ಬೆಳೆಗೆ ಹೊಸ ಭತ್ತದ ಮೊದಲ ಲೋಡು ಅಂಗಳಕ್ಕೆ ಬಂದಾಗ ಹಮಾಲರು ಚೀಲಕ್ಕೆ ಕೈ ಹಾಕುತ್ತಿರಲಿಲ್ಲ. ಆಕೆ ಬಂದು ಮೊದಲ ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ತೆಗೆದು, ಆ ಕಲ್ಲಿನ ನೆತ್ತಿಯ ಮೇಲೆ ಸುರಿದು, ಒಂದು ಗಳಿಗೆ ಕೈ ಮುಗಿದು ನಿಲ್ಲುತ್ತಿದ್ದಳು. ಆಮೇಲೆ ತಿರುಗಿ, "ಅವ್ವ ಉಂಡ್ಳು, ಇಳಸ್ರಿ," ಎನ್ನುತ್ತಿದ್ದಳು. ಅಲ್ಲಿಂದ ಕೆಲಸ ಶುರು.

ಓದಲು ಹೊರಟ ಮೇಲೆ ನಾನು ಆಕೆಗೆ ಒಮ್ಮೆ ತಿಳಿಹೇಳಿದ್ದೂ ಉಂಟು. "ಅದು ಅವ್ವ ಅಲ್ಲ ಎಮ್ಮಿಗನೂರಮ್ಮ, ದಾನಶಾಸನ. ಯಾರೋ ಹೊಲ ಕೊಟ್ಟಿದ್ದು ಬರದೈತಿ."

"ನನಗಿಂತ ಮೊದಲು ಇಲ್ಲಿ ಕಸ ಹೊಡೀತಿದ್ದ ನಮ್ಮತ್ತಿ ಅವ್ವ ಅಂತಿದ್ಳು, ನಾನೂ ಅವ್ವ ಅಂತೀನ್ರಿ ಅಕ್ಕಾರ," ಎಂದು ಆಕೆ ಮೊರ ಕೊಡವಿದಳು. "ನೀವು ಓದಿದೋರು."

ಪಡಿಯಚ್ಚು ತೆಗೆದೆ. ನೆಲದ ಮೇಲೆ ಕಾಣುವ ಒಂಬತ್ತು ಸಾಲು ಚೆನ್ನಾಗಿಯೇ ಮೂಡಿದವು. ಪ್ರಬಂಧ ಕೊಡಲು ಎಂಟು ದಿನ ಉಳಿದಿತ್ತು. ಮೊದಲ ಸಾಲುಗಳಲ್ಲಿ ರಾಜನ ಬಿರುದು, ಆಮೇಲೆ ಈ ಊರಿನ ಗವುಡ ಆ ಕಾಲದ ಅಳತೆಯಲ್ಲಿ ಎರಡು ಮತ್ತರು ಹೊಲ ಬಿಟ್ಟುಕೊಟ್ಟ ಎನ್ನುವ ಮಾತು. ಅಷ್ಟು ಸಿಕ್ಕಿದ್ದೇ ತಡ, ನನ್ನ ಕಣ್ಣು ಗವುಡನ ಸುತ್ತ ಉಂಗುರ ಬರೆದುಬಿಟ್ಟಿತು. ನಮ್ಮ ಮಾವನವರ ಮನೆತನಕ್ಕೆ ಹಿಂದೆ ಗೌಡಿಕೆ ಇತ್ತು ಎಂದು ಮನೆಯಲ್ಲಿ ಮಾತಿತ್ತು. ರಾತ್ರಿ ಊಟಕ್ಕೆ ಬಡಿಸುತ್ತಾ, ಇದು ನಿಮ್ಮ ಮನೆತನದ ಹಿರಿಯರು ಕೊಟ್ಟ ದಾನವೇ ಇರಬೇಕು ಎಂದು ಮಾವನವರಿಗೆ ಹೇಳಿದೆ. "ಇರಬೇಕು" ಎಂದೆನೋ "ಹೌದು" ಎಂದೆನೋ, ಈಗ ಆಣೆ ಮಾಡಿ ಹೇಳಲಾರೆ.

ಮಾವನವರು ತುತ್ತು ಕೈಯಲ್ಲೇ ಹಿಡಿದು ಕೂತರು. ಅವರ ಕಣ್ಣು ತುಂಬಿತ್ತು. ನನಗೂ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ.

ಮರುದಿನದಿಂದ ಮನೆಯಲ್ಲಿ ಹೊಸ ಮನುಷ್ಯನೊಬ್ಬ ಓಡಾಡತೊಡಗಿದ. ಮಾವನವರು ಬೆಳಿಗ್ಗೆಯೇ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿ ಕಲ್ಲಿನ ಪಕ್ಕವೇ ಕುರ್ಚಿ ಹಾಕಿಸಿಕೊಂಡರು. ಬಂದವರಿಗೆಲ್ಲ ತೋರಿಸಿದರು. ಬೋರ್ಡು ಬರೆಯುವವನನ್ನು ಕರೆಸಿ, ನನ್ನ ನೋಟ್‌ಬುಕ್ ನೋಡಿಕೊಂಡು ಅಕ್ಷರಗಳಿಗೆಲ್ಲ ಹಳದಿ ಪೇಂಟು ತುಂಬಿಸಿದರು. ಸುಣ್ಣ ಓದಬೇಡಿ ಎಂದ ಮೇಷ್ಟ್ರ ಮಾತು ನೆನಪಾಯಿತು, ಆದರೆ ಬ್ಯಾಡ್ರಿ ಎನ್ನಲು ಬಾಯಿ ಬರಲಿಲ್ಲ. ಹತ್ತು ವರ್ಷದಿಂದ ಯಾರೂ ಏನೂ ಕೇಳದ ಮನುಷ್ಯನಿಗೆ ಈಗ ಊರೇ ಪ್ರಶ್ನೆ ಕೇಳುತ್ತಿತ್ತು.

ಪೇಂಟಿನ ಮೇಲೆ ಗ್ರಿಲ್ಲು ಬಂತು. ತೋರಣಗಲ್ಲಿನ ಫ್ಯಾಕ್ಟರಿಯಲ್ಲಿ ಗುತ್ತಿಗೆ ಕೆಲಸ ಮಾಡುವ ವೆಲ್ಡರನ್ನು ಅವನ ರಜೆಯ ದಿನ ಕರೆಸಿದರು. ಕಲ್ಲಿನ ಸುತ್ತ ಎದೆಯೆತ್ತರದ ಕಂಬಿ, ಅದಕ್ಕೊಂದು ಗೇಟು, ಗೇಟಿಗೊಂದು ಬೀಗ. ಕಲ್ಲು ಇನ್ನಷ್ಟು ವಾಲದಿರಲಿ ಎಂದು ಬುಡದ ಮಣ್ಣು ಸ್ವಲ್ಪ ಕೆದರಿ, ಕಂಬಿಗಳಿಂದ ಕಬ್ಬಿಣದ ಪಟ್ಟಿ ಕೊಟ್ಟು ಕಲ್ಲಿಗೇ ಎರಡು ಬೋಲ್ಟು ಹಾಕಿ, ಮಣ್ಣು ಮತ್ತೆ ಮುಚ್ಚಿದರು. ಡ್ರಿಲ್ಲಿನ ಸದ್ದು ಅಡುಗೆಮನೆಗೆ ಕೇಳುತ್ತಿತ್ತು. ಆಗ ನಾನು ಅವರೆಲ್ಲರಿಗೆ ಚಹಾ ಸೋಸುತ್ತಿದ್ದೆ. ಹೊರಗೆ ಬಂದು ನೋಡಲಿಲ್ಲ.

ಹೊಸ ಭತ್ತ ಬಂತು. ಮೊದಲ ಲೋಡಿನ ದಿನ ಹಮಾಲರು ಎಂದಿನಂತೆ ಕಾದು ನಿಂತರು. ಎಮ್ಮಿಗನೂರಮ್ಮ ಹಿಡಿ ಭತ್ತ ತೆಗೆದುಕೊಂಡು ಗ್ರಿಲ್ಲಿನ ಹತ್ತಿರ ಹೋಗಿ ಬೀಗ ನೋಡಿದಳು. ಬೀಗದ ಕೈ ಮಾವನವರ ಉಡಿದಾರದಲ್ಲಿತ್ತು.

"ಅದು ನಮ್ಮ ಹಿರಿಯರ ಕಲ್ಲು," ಎಂದರು ಮಾವನವರು ಕುರ್ಚಿಯಿಂದ. "ಈಗ ಓದಿ ಗೊತ್ತಾಗೈತಿ. ಕಂಡಕಂಡೋರು ಮುಟ್ಟಂಗಿಲ್ಲ. ದೂರದಿಂದ ಕೈ ಮುಗಿ, ಸಾಕು."

ಆಕೆ ನನ್ನ ಕಡೆ ನೋಡಿದಳು. ಓದಿದವಳು ನಾನಲ್ಲವೇ? ನಾನು ಸೆರಗು ಸರಿಪಡಿಸಿಕೊಂಡು ನಿಂತೆ. ಆಕೆ ಕಂಬಿಗಳ ನಡುವೆ ಕೈ ತೂರಿಸಿ ನೋಡಿದಳು, ಕಲ್ಲಿನ ನೆತ್ತಿಗೆ ಎಟುಕಲಿಲ್ಲ. ಹಿಡಿಯಲ್ಲಿದ್ದ ಭತ್ತವನ್ನು ವಾಪಸ್ ಚೀಲಕ್ಕೇ ಹಾಕಿದಳು. ಅವ್ವ ಉಂಡ್ಳು ಎನ್ನಲಿಲ್ಲ. ಹಮಾಲರು ಮುಖ ಮುಖ ನೋಡಿಕೊಂಡು ತಾವೇ ಇಳಿಸತೊಡಗಿದರು. ಆ ದಿನ ನನಗೆ ಅನ್ನ ಸೇರಲಿಲ್ಲ. ಸೇರದಿದ್ದರೇನು, ಆ ಹೊತ್ತಿಗೆ ಬಾಯಿ ಬಿಡಬೇಕಿತ್ತು.

ಪ್ರಬಂಧವನ್ನು ಮೇಷ್ಟ್ರು ಮುಂದಿನ ತಿಂಗಳು ವಾಪಸ್ ಕೊಟ್ಟರು. ಮೊದಲ ಪುಟದಲ್ಲಿ ಏನೂ ಗುರುತಿರಲಿಲ್ಲ. ಕೊನೆಯ ಪುಟದ ಕೆಳಗೆ ಕೆಂಪು ಮಸಿಯಲ್ಲಿ ಒಂದೇ ಸಾಲು: ಶಾಪ ಎಲ್ಲಿ?

ಅರ್ಥವಾಗದೆ ಹೋಗಿ ಕೇಳಿದೆ.

"ದಾನ ಕೊಟ್ಟೋರು ಸುಮ್ನ ಎದ್ದು ಹೋಗಂಗಿಲ್ರಿ ಮೇಡಮ್ಮಾರ," ಎಂದರು. "ಇದನ್ನ ಕೆಡಿಸಿದೋರು ಆ ಪಾಪಕ್ಕೆ ಹೋಗ್ತಾರ, ಈ ಪಾಪಕ್ಕೆ ಹೋಗ್ತಾರ ಅಂತ ಬರೆಸಿಯೇ ಹೋಗ್ತಾರ. ನಿಮ್ಮ ಕಲ್ಲಿನಾಗ ಶಾಪಾನೇ ಇಲ್ಲ. ಅಂದ್ರ ಅದು ಮುಗಿದಿಲ್ಲ. ನೆಲದಾಗ ಎಷ್ಟೈತಿ, ಅಗದು ನೋಡಿದ್ರೇನು?"

ನಾನು ನೋಡಿರಲಿಲ್ಲ. ಕಾಣುವಷ್ಟನ್ನು ಓದಿ, ಓದಿದ್ದನ್ನು ಪೂರ್ತಿ ಎಂದು ಮಾಡಿ, ಅದರ ಮೇಲೆ ಒಂದು ಮನೆತನವನ್ನೇ ಕೂರಿಸಿದ್ದೆ. ಬಸ್ಸಿನಲ್ಲಿ ಬರುವಾಗ ಕಮಲಾಪುರದಿಂದ ಕಂಪ್ಲಿಯವರೆಗೂ ಮಾವನವರಿಗೆ ಏನು ಹೇಳಲಿ ಎಂದು ಮಾತು ಜೋಡಿಸಿದೆ. ಮನೆ ತಲುಪಿದಾಗ ಜೋಡಿಸಿದ್ದೆಲ್ಲ ಮರೆತುಹೋಗಿತ್ತು.

"ಮಾವಾರ, ಕಲ್ಲು ಇನ್ನೂ ಕೆಳಗ ಐತಂತ್ರಿ. ಅಗದು ನೋಡಬೇಕು."

ಅವರು ತಕ್ಷಣ ಉಡಿದಾರದಿಂದ ಬೀಗದ ಕೈ ಬಿಚ್ಚಿ ಕೊಟ್ಟರು. "ನೋಡವ್ವ, ನೋಡು. ಹಿರಿಯರ ಹೆಸರು ಅಲ್ಲೇ ಇರಬೇಕು. ಮ್ಯಾಲಿನ ಸಾಲಿನಾಗ ಬರೇ ಗವುಡ ಅಂತೈತಿ, ಹೆಸರಿಲ್ಲ ಅಂತ ನನಗೂ ಅನಿಸಿತ್ತು." ಅಷ್ಟು ಆಸೆಯಿಂದ ಕೊಟ್ಟ ಬೀಗದ ಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ.

ಮರುದಿನ ಮಧ್ಯಾಹ್ನ, ಮಿಲ್ಲು ಊಟಕ್ಕೆ ನಿಂತ ಹೊತ್ತಿನಲ್ಲಿ ಅಗೆಯಲು ಕೂತೆ. ಮಾವನವರು ಊಟ ಮಾಡಿ ಮಲಗಿದ್ದರು. ಎಮ್ಮಿಗನೂರಮ್ಮ ತಾನಾಗಿಯೇ ಬಂದು ಕಳೆ ಕೀಳುವ ಕೈಗುದ್ದಲಿಗೆ ಕೈ ಹಾಕಿದಳು. ಒಬ್ಬರು ಕೆದರಿ ಒಬ್ಬರು ಮಣ್ಣು ಬಾಚಿ, ಎರಡು ಗೇಣು ಇಳಿದೆವು. ಒದ್ದೆ ಬಟ್ಟೆ ಹಾಕಿ ಒರೆಸಿದಾಗ ಆರು ಸಾಲು ಎದ್ದವು. ಮಣ್ಣಿನಲ್ಲಿ ಇದ್ದದ್ದರಿಂದ ಒಂದು ಅಕ್ಷರವೂ ಸವೆದಿರಲಿಲ್ಲ, ಮೊನ್ನೆ ಕೊರೆದ ಹಾಗಿದ್ದವು.

ಆಕೆ ಕಾಗದದ ಎರಡು ತುದಿ ಹಿಡಿದಳು, ನಾನು ಬಡಿದು ಮಸಿ ಒತ್ತಿದೆ. ಈ ಸಲ ಅವಸರ ಮಾಡಲಿಲ್ಲ. ಗೊತ್ತಿಲ್ಲದ ಭಾಷೆಯೆಂದೇ ತಿಳಿದು, ಗೂಬೆ ಮತ್ತು ನೀರು ಓದುವವಳಂತೆ, ಒಂದೊಂದೇ ಗುರುತು ನೋಡಿದೆ. ಗವುಡ ಹೊಲ ಬಿಟ್ಟದ್ದು ನಿಜ. ಆದರೆ ಬಿಟ್ಟದ್ದು ಒಂದು ಬಾವಿಯ ದುರಸ್ತಿಗೆ. ಆ ಬಾವಿಯನ್ನು ತೋಡಿಸಿದವಳು ಗುಡಿಯಲ್ಲಿ ನೈವೇದ್ಯದ ಭತ್ತ ಕುಟ್ಟುತ್ತಿದ್ದ ಹೆಂಗಸು. ತನ್ನ ಪಾಲಿಗೆ ಬಂದ ಅಕ್ಕಿಯಲ್ಲಿ ಉಳಿಸಿ ಉಳಿಸಿ ತೋಡಿಸಿದ್ದಳು. ಈ ನೀರಿಗೆ ಬಂದವರನ್ನು ಯಾರೂ ತಡೆಯಬಾರದು ಎಂದಿತ್ತು. ತಡೆದವರಿಗೆ ಶಾಪವೂ ಇತ್ತು, ಮೇಷ್ಟ್ರು ಹೇಳಿದಂತೆ ಕೊನೆಯಲ್ಲಿ.

ಇನ್ನು ಅವಳ ಹೆಸರು. ಭತ್ತ ಕುಟ್ಟುವ ಎಂಬ ಮಾತಿನ ಮುಂದೆ ಹೆಸರು ಇರಬೇಕಿತ್ತು. ಅಲ್ಲಿ ಹೆಬ್ಬೆರಳು ಹೋಗುವಷ್ಟು ದುಂಡನೆಯ ತೂತು ಇತ್ತು, ಅದರಲ್ಲಿ ಬೋಲ್ಟು. ಅಂಚು ಚಕ್ಕೆ ಎದ್ದು ಎಡಬಲದ ಅಕ್ಷರಗಳನ್ನೂ ಕಿತ್ತುಕೊಂಡು ಹೋಗಿತ್ತು. ಕೊನೆಯ ಒಂದು ದೀರ್ಘದ ಬಾಲ ಮಾತ್ರ ಉಳಿದಿತ್ತು. ಎಷ್ಟೋ ನೂರು ವರ್ಷ ಮಣ್ಣಿನೊಳಗೆ ಸುರಕ್ಷಿತವಾಗಿದ್ದ ಹೆಸರು ಅದು. ಎರಡು ತಿಂಗಳ ಹಿಂದೆ, ನಾನು ಚಹಾ ಸೋಸುತ್ತಿದ್ದಾಗ, ನನ್ನ ಓದಿನ ಗೌರವಕ್ಕೆಂದು ಹಾಕಿಸಿದ ಗ್ರಿಲ್ಲಿಗಾಗಿ ಹೋಯಿತು.

ಮಣ್ಣಿನ ಗುಂಡಿಯ ಪಕ್ಕ ಕೂತು ಅತ್ತೆ. ಎಮ್ಮಿಗನೂರಮ್ಮ ಗಾಬರಿಯಾಗಿ ಕಾಗದ ಬಿಟ್ಟು ನೀರು ತರಲು ಓಡಿದಳು. ಅಷ್ಟರಲ್ಲಿ ಮಾವನವರು ಎದ್ದು ಬಂದರು. ಕೂತಲ್ಲಿಂದಲೇ ಅವರಿಗೆ ಎಲ್ಲ ಹೇಳಿದೆ. ಬಾವಿ, ಭತ್ತ ಕುಟ್ಟುವ ಹೆಂಗಸು, ತೂತು, ಯಾವುದನ್ನೂ ಬಿಡಲಿಲ್ಲ.

ಅವರು ಕಂಬಿ ಹಿಡಿದು ಬಗ್ಗಿ ಗುಂಡಿಯೊಳಗೆ ನೋಡಿದರು. "ಆ ಗವುಡ ನಮ್ಮೋನಲ್ಲೇನು?"

"ಗೊತ್ತಿಲ್ರಿ ಮಾವಾರ. ಕಲ್ಲು ಹಂಗ ಎಲ್ಲೂ ಹೇಳಿಲ್ಲ. ಹೇಳಿದಾಕಿ ನಾನು."

ಅವರು ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಹಿತವಾಗಿರುತ್ತಿತ್ತು. ಹಳದಿ ಅಕ್ಷರಗಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ಅವರ ಮುಖ ಹಳೆಯ ಕುರ್ಚಿಯಲ್ಲಿ ಕೂರುತ್ತಿದ್ದ ದಿನಗಳ ಮುಖಕ್ಕೆ ತಿರುಗುವುದು ನನಗೆ ಕಂಡಿತು. "ಗವುಡ ಯಾರರ ಇರ್ಲಿ, ತಡೀಬಾರದು ಅಂದಾನಲ್ಲ," ಎಂದರು ಕೊನೆಗೆ. "ತಡದೋನು ನಾನು." ಆಮೇಲೆ ಗೇಟನ್ನು ಹಿಡಿದು ಮೇಲೆತ್ತಲು ನೋಡಿದರು. ಎಪ್ಪತ್ತೆಂಟರ ಕೈಗೆ ಅದು ಬರಲಿಲ್ಲ. ನಾನು ಒಂದು ಕಡೆ ಹಿಡಿದೆ. ಕೊಂಡಿಯಿಂದ ಕಳಚಿದ ಗೇಟನ್ನು ಅವರೇ ಎಳೆದುಕೊಂಡು ಹೋಗಿ ಉಮಿಯ ರಾಶಿಗೆ ಒರಗಿಸಿದರು. ಕಂಬಿಗಳನ್ನು ಕಿತ್ತರೆ ಕಲ್ಲು ಇನ್ನಷ್ಟು ಒಡೆಯುತ್ತದೆ, ಅದಕ್ಕೆ ಅವು ಇವತ್ತಿಗೂ ಇವೆ.

ಉಳಿದವಳು ನೀರು ತಂದ ಎಮ್ಮಿಗನೂರಮ್ಮ. ಆಕೆಗೆ ಸಾಲು ಸಾಲಾಗಿ ಓದಿ ಹೇಳಿದೆ. ಭತ್ತ ಕುಟ್ಟುತ್ತಿದ್ದಳು ಎಂದಾಗ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅವ್ವ ಅಂತ ನಮ್ಮತ್ತಿ ಅಂದಿದ್ದು ಖರೇ ಆತಲ್ರಿ," ಎಂದಳು.

"ಖರೇ ಆತು. ನನ್ನ ಓದು ಸುಳ್ಳಾತು. ಆದ್ರ ಆಕಿ ಹೆಸರು ನನ್ನಿಂದ ಹೋತು ಎಮ್ಮಿಗನೂರಮ್ಮ. ಇನ್ನ ಯಾರಿಗೂ ಗೊತ್ತಾಗಂಗಿಲ್ಲ."

ಆ ಈಜಿಪ್ಟಿನವನ ಕಥೆಯನ್ನೂ ಹೇಳಿದೆ. ಹೆಸರು ಹೇಳಿದರೆ ರೊಟ್ಟಿ ಮುಟ್ಟುತ್ತದೆ, ಹೆಸರು ಹೋದರೆ ಮುಟ್ಟುವುದಿಲ್ಲ ಎಂದು ಆ ಜನ ನಂಬಿದ್ದರು ಎಂದೆ. ಆಕೆ ತೂತಿನ ಅಂಚಿಗೆ ಬೆರಳು ಹಚ್ಚಿ ನೋಡಿದಳು. ಆಮೇಲೆ ಎದ್ದು ಹೋಗಿ ತಾನು ಕೇರಿಟ್ಟಿದ್ದ ಭತ್ತದಲ್ಲಿ ಒಂದು ಹಿಡಿ ತಂದು ಕಲ್ಲಿನ ನೆತ್ತಿಯ ಮೇಲೆ ಸುರಿದಳು. ಕಾಳುಗಳು ಹಳದಿ ಪೇಂಟಿನ ಮೇಲಿಂದ ಜಾರಿ ಗುಂಡಿಗೆ ಬಿದ್ದವು.

"ಇಷ್ಟು ದಿನ ಏನು ಹೆಸರು ಹೇಳಿ ಕೊಟ್ಟಿದ್ನೇನ್ರಿ? ಹಂಗ ಉಂಡ್ಳು," ಎಂದಳು. "ಕೆಲಸ ಮಾಡೋರ ಹೆಸರು ಯಾರು ಕೇಳ್ತಾರ್ರಿ ಅಕ್ಕಾರ? ಮೂವತ್ತು ವರ್ಷಾತು ನಾ ಈ ಮಿಲ್ಲಿಗೆ ಬಂದು. ಇಲ್ಲಿ ಯಾರಿಗೆ ಗೊತ್ತೈತಿ ನನ್ನ ಹೆಸರು?"

ದೂರಿನ ದನಿಯಲ್ಲ ಅದು. ಬಸ್ಸಿಗೆ ಹೊತ್ತಾಯಿತು ಎನ್ನುವಾಗಿನ ದನಿಯಲ್ಲೇ ಹೇಳಿ, ಮೊರ ಎತ್ತಿಕೊಂಡಳು.

ನನಗೆ ಗೊತ್ತು ಎನ್ನಲು ಬಾಯಿ ತೆರೆದೆ. ಗೊತ್ತಿರಲಿಲ್ಲ. ಇಪ್ಪತ್ತಮೂರು ವರ್ಷ ಆಕೆಗೆ ಚಹಾ ಕೊಟ್ಟಿದ್ದೆ, ಹಬ್ಬಕ್ಕೆ ಸೀರೆ ಕೊಟ್ಟಿದ್ದೆ, ಜ್ವರ ಬಂದಾಗ ಮಾತ್ರೆ ಕೊಟ್ಟಿದ್ದೆ. ಸಾವಿರಾರು ವರ್ಷದ ಹಿಂದೆ ಸತ್ತ ಯಾವನದೋ ಹೆಸರನ್ನು ಮೂರು ವಾರ ಕಷ್ಟಪಟ್ಟು ಬಿಡಿಸಿ ಬಸ್ಸಿನಲ್ಲಿ ಹೇಳಿದ್ದೆ. ಇವಳನ್ನು ಒಮ್ಮೆಯೂ ಕೇಳಿರಲಿಲ್ಲ.

"ನಿಮ್ಮ ಹೆಸರೇನ್ರಿ?" ಎಂದೆ.

ಆಕೆ ನಕ್ಕಳು. ಅತ್ತ ಇತ್ತ ನೋಡಿ, ಮೊರವನ್ನು ಎದೆಗೆ ಒತ್ತಿಕೊಂಡು, ಹೊಸ ಮದುವಣಗಿತ್ತಿಯ ಹಾಗೆ ತಲೆ ಬಗ್ಗಿಸಿ ಹೇಳಿದಳು. ನಾನು ಅದನ್ನು ಗಟ್ಟಿಯಾಗಿ ತಿರುಗಿ ಹೇಳಿದೆ. "ಹೂಂ, ಅದ," ಎಂದಳು.

ಅರ್ಧ ಕೇಳಿ ಪೂರ್ತಿ ಎಂದುಕೊಳ್ಳುವವಳು ನಾನು. ಅದಕ್ಕೆ ಇನ್ನೊಮ್ಮೆ ಹೇಳಿ ಎಂದೆ.